ಟೈಪ್ ಮೂಲೆಯಲ್ಲಿ ಹಿಡಿದ ಸೊಂಟ

ಕಚೇರಿಯಲ್ಲಿ ನನ್ನ ಕುರ್ಚಿಯಿಂದ ಹೊರಗೆ ಬರಲು ಇದ್ದದ್ದು ಒಂದೇ ದಾರಿ. ಆ ದಾರಿಯಲ್ಲಿ ಹಿರಿಯ ಗುಮಾಸ್ತರು ಕುಳಿತಿರುತ್ತಿದ್ದರು.

ಮೂಡಿಗೆರೆ ಪೇಟೆಯಲ್ಲಿದ್ದ, ಕಾಫಿ ಬೆಳೆಗಾರರ ಒಂದು ಸಣ್ಣ ಸಹಕಾರ ಸಂಘದ ಕಚೇರಿ ಅದು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಉದ್ದನೆಯ, ಇಕ್ಕಟ್ಟಾದ ಒಂದು ಹಾಲ್. ಅದರ ಒಂದು ತುದಿಗೆ ಅರ್ಧ ಮರ, ಅರ್ಧ ಗಾಜಿನ ಅಡ್ಡಗೋಡೆ, ಅದರ ಹಿಂದೆ ಸೆಕ್ರೆಟರಿಯವರ ಕೋಣೆ. ಟೈಪ್‌ರೈಟರ್ ಇದ್ದದ್ದು ಹಾಲಿನ ಮೂಲೆಯಲ್ಲಿ. ನನ್ನ ಬೆನ್ನ ಹಿಂದೆ ಗೋಡೆ, ಎಡಕ್ಕೆ ಗೋಡೆ, ಬಲಕ್ಕೆ ಹಳೆಯ ಕಡತ ತುಂಬಿದ ಕಬ್ಬಿಣದ ಬೀರು, ಮುಂದೆ ಟೈಪ್ ಮೇಜು. ಬೀರುವಿಗೂ ಮೇಜಿಗೂ ನಡುವೆ ಒಬ್ಬರು ಮೈ ಓರೆ ಮಾಡಿ ನುಸುಳುವಷ್ಟು ಸಂದಿ. ಆ ಸಂದಿಗೆ ಸರಿಯಾಗಿ ಹಿರಿಯ ಗುಮಾಸ್ತರ ಕುರ್ಚಿ. ಅವರು ಎದ್ದು, ಕುರ್ಚಿಯನ್ನು ತಮ್ಮ ಮೇಜಿನ ಕೆಳಗೆ ದೂಡಿ, ಪಕ್ಕಕ್ಕೆ ಸರಿದರೆ ಮಾತ್ರ ನಾನು ಹೊರಗೆ ಬರಬಹುದಿತ್ತು.

ಕೆಲಸಕ್ಕೆ ಸೇರಿದ ಮೊದಲ ವಾರ ನೀರು ಕುಡಿಯಲೆಂದು ಒಮ್ಮೆ ದಾರಿ ಕೇಳಿದ್ದೆ. ಅವರು ಎರಡೂ ಅಂಗೈಗಳನ್ನು ಮೇಜಿನ ಮೇಲೆ ಊರಿದರು. ಕಣ್ಣು ಮುಚ್ಚಿದರು. ಅರ್ಧ ಎದ್ದು ಹಾಗೇ ನಿಂತರು, ಯಾರೋ ಹೆಗಲು ಹಿಡಿದು ಕೆಳಗೆ ಒತ್ತುತ್ತಿದ್ದಾರೆ ಎನ್ನುವ ಹಾಗೆ. ಹಲ್ಲಿನ ಸಂದಿಯಿಂದ ಉಸಿರು ಬಿಟ್ಟು ಉಳಿದರ್ಧ ಎದ್ದರು. ಪೂರ್ತಿ ಎದ್ದ ಮೇಲೂ ಬೆನ್ನು ನೆಟ್ಟಗಾಗಲಿಲ್ಲ. "ಹೋಗಮ್ಮ" ಎಂದರು. ನಾನು ನೀರು ಕುಡಿದು ವಾಪಸು ಬರುವವರೆಗೂ ಬೀರುವನ್ನು ಹಿಡಿದುಕೊಂಡು ನಿಂತೇ ಇದ್ದರು. ಕೂತರೆ ಮತ್ತೆ ಏಳಬೇಕಲ್ಲ.

ಅದಾದ ಮೇಲೆ ನಾನು ದಾರಿ ಕೇಳಲಿಲ್ಲ. ಬೆಳಿಗ್ಗೆ ಅವರು ಬರುವುದರೊಳಗೆ ನನ್ನ ಮೂಲೆ ಸೇರುತ್ತಿದ್ದೆ. ಮಧ್ಯಾಹ್ನ ಅವರು ಊಟಕ್ಕೆ ಎದ್ದಾಗ ಎದ್ದು, ಅವರು ವಾಪಸು ಬರುವುದರೊಳಗೆ ಕೂರುತ್ತಿದ್ದೆ. ಸಂಜೆ ಅವರ ಹಿಂದೆ ಹೊರಡುತ್ತಿದ್ದೆ. ಬೆಳಿಗ್ಗೆ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದರೆ ಮಧ್ಯಾಹ್ನದವರೆಗೆ ಬಾಯಿಗೆ ಒಂದು ಹನಿ ನೀರು ಬೀಳುತ್ತಿರಲಿಲ್ಲ. ಕುಡಿದರೆ ಹೊರಗೆ ಹೋಗಬೇಕಾಗುತ್ತದಲ್ಲ, ಆ ಭಯ.

ನಮ್ಮ ತಂದೆ ಗೋಣಿಬೀಡಿನ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಅವರು ತೀರಿಕೊಂಡ ಮೇಲೆ ನಾನೂ ಅಮ್ಮನೂ ಎಸ್ಟೇಟಿನ ಮನೆ ಬಿಟ್ಟು ಗೋಣಿಬೀಡಿನಲ್ಲೇ ಒಂದು ಬಾಡಿಗೆ ಮನೆಗೆ ಬಂದಿದ್ದೆವು. ನಾನು ಚಿಕ್ಕಮಗಳೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಟೈಪಿಂಗ್ ಕಲಿತು ಪಾಸು ಮಾಡಿದ್ದೆ. ಆ ಎಸ್ಟೇಟಿನ ಧಣಿಗಳು ಸಂಘದ ಡೈರೆಕ್ಟರುಗಳಲ್ಲಿ ಒಬ್ಬರು. ಅವರ ಮಾತಿನ ಮೇಲೆ ಸಿಕ್ಕಿದ ಕೆಲಸ. ಬಿಡುವ ಹಾಗಿರಲಿಲ್ಲ. ಬಿಟ್ಟರೆ ಅವರ ಮುಖಕ್ಕೆ ಹೊಡೆದ ಹಾಗೆ ಎಂದು ಅಮ್ಮ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದಳು.

ನನಗಿಂತ ಮೊದಲು ಆ ಕುರ್ಚಿಯಲ್ಲಿ ಕೂತಿದ್ದವರು ಆರಡಿ ಎತ್ತರದ ಮನುಷ್ಯ ಎಂದು ಕೇಳಿದ್ದೆ. ಕುರ್ಚಿ, ಮೇಜು ಎರಡೂ ಅವರ ಅಳತೆಗೇ ಮಾಡಿಸಿದ ಹಾಗಿದ್ದವು. ನಾನು ಕುಳ್ಳಗಿದ್ದೇನೆ. ಹಿಂದಕ್ಕೆ ಒರಗಿ ಕೂತರೆ ಕಾಲು ನೆಲ ಮುಟ್ಟುತ್ತಿರಲಿಲ್ಲ. ಕಾಲು ಊರಬೇಕೆಂದರೆ ಕುರ್ಚಿಯ ಅಂಚಿಗೆ ಜಾರಬೇಕು, ಆಗ ಬೆನ್ನಿಗೆ ಆಸರೆ ಇಲ್ಲ. ಟೈಪ್‌ರೈಟರ್ ನನ್ನ ಎದೆಯ ಮಟ್ಟಕ್ಕೆ ಬರುತ್ತಿತ್ತು. ಭುಜ ಎತ್ತಿಕೊಂಡು, ಕತ್ತು ಮುಂದೆ ಚಾಚಿಕೊಂಡು ಹೊಡೆಯಬೇಕು. ಟೈಪ್ ಮಾಡಬೇಕಾದ ಕಾಗದವನ್ನು ಬಲಕ್ಕೆ ಇಟ್ಟುಕೊಂಡು ದಿನವಿಡೀ ಒಂದೇ ಕಡೆಗೆ ತಿರುಗಿ ನೋಡುತ್ತಿದ್ದೆ. ಬೆಳೆಗಾರರಿಗೆ ಸುತ್ತೋಲೆ, ಮೀಟಿಂಗಿನ ನೋಟೀಸು, ಯಾವ ತೋಟದಿಂದ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಎಷ್ಟು ಬಂತು ಎಂಬ ಉದ್ದುದ್ದ ಪಟ್ಟಿಗಳು. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಪಟ್ಟಿಗಳಿಗೆ ಕೊನೆಯೇ ಇರುತ್ತಿರಲಿಲ್ಲ.

ಸೆಕ್ರೆಟರಿಯವರು ನನ್ನನ್ನು ಕಣ್ಣಿನಿಂದಲ್ಲ, ಕಿವಿಯಿಂದ ಕಾಯುತ್ತಿದ್ದರು. ಟೈಪ್‌ರೈಟರಿನ ಸದ್ದು ಕೇಳುತ್ತಿರುವವರೆಗೆ ಅವರು ತಲೆ ತಗ್ಗಿಸಿ ತಮ್ಮ ಕೆಲಸ ಮಾಡುತ್ತಿದ್ದರು. ಸದ್ದು ನಿಂತು ಒಂದೆರಡು ನಿಮಿಷವಾದರೆ ಗಾಜಿನ ಆಚೆಯಿಂದ ತಲೆ ಏಳುತ್ತಿತ್ತು. ಬೈಯುತ್ತಿರಲಿಲ್ಲ. ಸುಮ್ಮನೆ ನೋಡುತ್ತಿದ್ದರು. ನಾನು ಬೆರಳು ನೆಟಿಕೆ ಮುರಿಯುವುದನ್ನೂ ಬಿಟ್ಟು ಮತ್ತೆ ಹೊಡೆಯಲು ಶುರು ಮಾಡುತ್ತಿದ್ದೆ. ಕೆಲವು ಸಲ ಕೆಲಸವೇ ಇಲ್ಲದಾಗ ಹಳೆಯ ಹಾಳೆಗೆ ಸುಮ್ಮನೆ ಅಕ್ಷರ ಹೊಡೆಯುತ್ತಾ ಕೂತದ್ದೂ ಇದೆ.

ಎರಡನೆಯ ವರ್ಷದ ಮಳೆಗಾಲದಲ್ಲಿ ಸೊಂಟ ಹಿಡಿಯಿತು. ಮೊದಮೊದಲು ಸಂಜೆ ಬಸ್ಸಿನಿಂದ ಇಳಿಯುವಾಗ ಒಂದು ಸಣ್ಣ ಸೆಳೆತ. ಮಳೆಯ ಥಂಡಿಗೆ ಎಂದುಕೊಂಡೆ. ಆಮೇಲೆ ಅದು ಮಧ್ಯಾಹ್ನವೇ ಬರತೊಡಗಿತು. ಮಳೆ ಕಳೆದು ಹಬ್ಬಗಳು ಬರುವ ಹೊತ್ತಿಗೆ ಬೆಳಿಗ್ಗೆ ಕೂತ ಸ್ವಲ್ಪ ಹೊತ್ತಿಗೇ ಬರುತ್ತಿತ್ತು. ಸೊಂಟದ ಎಡಗಡೆ ಒಂದು ಬಿಸಿ ಗಂಟು, ಅಲ್ಲಿಂದ ತೊಡೆಯ ಹಿಂಭಾಗಕ್ಕೆ ಒಂದು ಎಳೆತ. ಟೈಪ್‌ರೈಟರಿನ ಕ್ಯಾರೇಜನ್ನು ಪ್ರತಿ ಸಾಲಿನ ಕೊನೆಗೆ ಎಡಗೈಯಿಂದ ದೂಡುವಾಗ ಆ ಗಂಟು ಎದ್ದು ಕೂರುತ್ತಿತ್ತು. ಒಂದು ಪುಟಕ್ಕೆ ಎಷ್ಟು ಸಾಲೋ ಅಷ್ಟು ಸಲ.

ಒಂದು ದಿನ ಸೆಕ್ರೆಟರಿಯವರು ತಮ್ಮ ಕೋಣೆಗೆ ಕರೆದಾಗ ಧೈರ್ಯ ಮಾಡಿ, ಕುರ್ಚಿ ಸ್ವಲ್ಪ ಎತ್ತರವಾಗುತ್ತದೆ, ಕಾಲು ಕತ್ತರಿಸಿ ತಗ್ಗು ಮಾಡಿಸಬಹುದೇ ಎಂದು ಕೇಳಿದೆ.

"ಕುರ್ಚಿ ಸಂಘದ್ದು ಕಣ್ರೀ. ಹಿಂದೆ ನಂಬರ್ ಬರೆದಿರೋದು ನೋಡಿಲ್ವಾ? ನಿಮ್ಮ ಅಳತೆಗೆ ಕಾಲು ಕತ್ತರಿಸಿ, ನಾಳೆ ನೀವು ಮದ್ವೆ ಆಗಿ ಹೋದ್ರೆ ಅದನ್ನ ಏನು ಮಾಡೋದು?"

"ಸೊಂಟ ನೋವು ಬರ್ತದೆ ಸಾರ್."

ಅವರು ಪೆನ್ನು ಕೆಳಗಿಟ್ಟರು. "ಹೆಂಗಸರನ್ನ ತಗೊಳ್ಳೋದು ಬೇಡ ಅಂತ ನಾನು ಆಗ್ಲೇ ಹೇಳಿದ್ದೆ. ಆಗದಿದ್ರೆ ಬರೆದು ಕೊಡಿ, ಮೀಟಿಂಗ್‌ನಲ್ಲಿ ಇಡ್ತೇನೆ."

ಮೀಟಿಂಗಿನಲ್ಲಿ ನಮ್ಮ ತಂದೆಯ ಧಣಿಗಳು ಕೂತಿರುತ್ತಾರೆ. ನಾನು ಏನೂ ಬರೆದು ಕೊಡಲಿಲ್ಲ. ವಾಪಸು ಬರುವಾಗ ಹಿರಿಯ ಗುಮಾಸ್ತರು ನನಗಾಗಿ ಬೀರು ಹಿಡಿದು ನಿಂತಿದ್ದರು. ಆ ಮಾತುಗಳೆಲ್ಲ ಅವರಿಗೆ ಕೇಳಿಸಿದ್ದವು. ಅವರ ನೋವು ನನಗೆ ಗೊತ್ತಿತ್ತು, ನನ್ನದು ಆ ದಿನ ಅವರಿಗೆ ಗೊತ್ತಾಯಿತು. ಒಂದು ಮೊಳ ದೂರದಲ್ಲಿ ಬೆನ್ನು ಬಗ್ಗಿಸಿಕೊಂಡು ಕೂತ ಇಬ್ಬರೂ ಮತ್ತೆ ಕೆಲಸಕ್ಕೆ ತೊಡಗಿದೆವು.

ಮನೆಯಲ್ಲೂ ಹೇಳುವ ಹಾಗಿರಲಿಲ್ಲ. ನನಗೆ ಇಪ್ಪತ್ನಾಲ್ಕು ದಾಟಿತ್ತು. ಅಮ್ಮ ಸಂಬಂಧ ಹುಡುಕುತ್ತಿದ್ದಳು. ಸೊಂಟ ನೋವಿನ ಹುಡುಗಿ ಎಂದು ಹೆಸರು ಬಿದ್ದರೆ ಮುಗಿಯಿತು. ಅಮ್ಮ ಹಿತ್ತಲಿಗೆ ಹೋದಾಗ ನೋವಿನ ಮುಲಾಮು ಹಚ್ಚಿಕೊಂಡು, ಅದರ ವಾಸನೆ ಹೋಗಲೆಂದು ಕಿಟಕಿ ತೆಗೆದಿಡುತ್ತಿದ್ದೆ. ನೀರು ಸೇದಲು ಬಾವಿಗೆ ಹೋದರೆ ಒಂದು ಕೊಡ ತುಂಬಿಸಿ, ಕಟ್ಟೆ ಹಿಡಿದು ನಿಂತು, ಉಸಿರು ಸರಿ ಮಾಡಿಕೊಂಡು ಬರುತ್ತಿದ್ದೆ. ಅಮ್ಮನಿಗೆ ಅನುಮಾನ ಇತ್ತೋ ಏನೋ. ಕೇಳಲಿಲ್ಲ. ಕೇಳಿದರೆ ನಾನು ಹೌದು ಎಂದುಬಿಟ್ಟೇನು ಎಂಬ ಹೆದರಿಕೆ ಅವಳಿಗೂ ಇದ್ದಿರಬೇಕು.

ಕಳಸದ ಕಡೆಯಿಂದ ಒಂದು ಗಂಡಿನವರು ನನ್ನನ್ನು ನೋಡಲು ಬಂದರು. ಗಂಡು, ಅವನ ತಂದೆ ತಾಯಿ, ಒಬ್ಬರು ಸೋದರಮಾವ. ಭಾನುವಾರ ಬೆಳಿಗ್ಗೆ. ಹಿಂದಿನ ದಿನ ಸಂಘದ ವಾರ್ಷಿಕ ಸಭೆಯ ವರದಿಗೆ ಸ್ಟೆನ್ಸಿಲ್ ಹೊಡೆದಿದ್ದೆ, ಬೆಳಿಗ್ಗೆಯಿಂದ ಸಂಜೆಯವರೆಗೆ. ನೂರಾರು ಪ್ರತಿ ತೆಗೆಯಲು ಬಳಸುವ ಆ ಮೇಣದ ಹಾಳೆಗೆ ಒಂದೊಂದು ಅಕ್ಷರವನ್ನೂ ಒತ್ತಿ ಹೊಡೆಯಬೇಕು. ಭಾನುವಾರ ಎದ್ದಾಗಲೇ ಸೊಂಟ ಮರದ ಹಲಗೆಯ ಹಾಗಿತ್ತು. ಸೀರೆ ಉಟ್ಟು, ಕಾಫಿ ತಂದು ಕೊಟ್ಟೆ. ಅಲ್ಲಿಯವರೆಗೆ ಸರಿ ಹೋಯಿತು. "ಹಿರಿಯರಿಗೆ ನಮಸ್ಕಾರ ಮಾಡು" ಎಂದಳು ಅಮ್ಮ.

ಗಂಡಿನ ತಂದೆಗೆ ಬಗ್ಗಿದೆ, ಎದ್ದೆ. ತಾಯಿಗೆ ಬಗ್ಗಿದೆ. ಏಳಲಾಗಲಿಲ್ಲ.

ಬಗ್ಗಿದ ಹಾಗೇ ಸಿಕ್ಕಿಕೊಂಡೆ. ಕೈ ಅವರ ಪಾದದ ಹತ್ತಿರ, ಕಣ್ಣಿಗೆ ಅವರ ಸೀರೆಯ ಅಂಚು ಮಾತ್ರ ಕಾಣುತ್ತಿತ್ತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. "ಏಳಮ್ಮ, ಸಾಕು" ಎಂದರು ಆ ತಾಯಿ, ಮೊದಲು ನಗುತ್ತಾ. ಆಮೇಲೆ ಇನ್ನೊಂದು ಸಲ, ನಗದೆ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಕೊನೆಗೆ ಅಮ್ಮ ಬಂದು ನನ್ನ ಎರಡೂ ತೋಳು ಹಿಡಿದು ಎತ್ತಿದಳು. ನನ್ನ ಬಾಯಿಂದ ಬಂದ ಶಬ್ದ ಎಲ್ಲರಿಗೂ ಕೇಳಿಸಿತು.

ಕಳಸದವರು ಊಟಕ್ಕೆ ನಿಲ್ಲಲಿಲ್ಲ. ಬಸ್ಸು ತಪ್ಪುತ್ತದೆ ಎಂದರು.

ಅವರು ಹೋದ ಮೇಲೆ ಅಮ್ಮ ಒಲೆಯ ಮುಂದೆ ಕೂತು ಬೂದಿ ಕೆದಕಿದಳು. "ಎಷ್ಟು ದಿನದಿಂದ?" ಎಂದಳು ಆಮೇಲೆ.

"ಮಳೆಗಾಲದಿಂದ."

"ನನಗೆ ಹೇಳೋದಕ್ಕೆ ಎಂತ ಆಗಿತ್ತು ನಿನಗೆ?"

"ಹೇಳಿದ್ರೆ ಏನು ಮಾಡ್ತಿದ್ದೆ?"

ಮಾರನೆಯ ದಿನ ಅಮ್ಮನೇ ನನ್ನ ಜೊತೆ ಮೂಡಿಗೆರೆಗೆ ಬಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ನನ್ನನ್ನು ಮಲಗಿಸಿ ಕಾಲು ಎತ್ತಿ ನೋಡಿದರು. ಮೂಳೆಗೆ ಏನೂ ಆಗಿಲ್ಲ, ಮಾತ್ರೆ ತಗೊಂಡು ಮೂರು ವಾರ ಮಲಗಬೇಕು ಎಂದರು. ಮೂರು ವಾರ ರಜೆ ಕೇಳಿದರೆ ಕೆಲಸವೇ ಹೋಗುತ್ತಿತ್ತು, ಸೆಕ್ರೆಟರಿಯವರು ಅದನ್ನೇ ಕಾಯುತ್ತಿದ್ದರು. ನಮ್ಮ ಮನೆ ನಡೆಯುತ್ತಿದ್ದದ್ದೇ ನನ್ನ ಸಂಬಳದಿಂದ. ಅಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, "ನೀನೇ ಹೇಳು ಮಗಾ" ಎಂದಳು. ನಾನು ಮಾತ್ರೆಯ ಪೊಟ್ಟಣ ಚೀಲಕ್ಕೆ ಹಾಕಿಕೊಂಡು ಕಚೇರಿಗೆ ಹೋದೆ. ಹಿರಿಯ ಗುಮಾಸ್ತರು ಆಗಲೇ ಬಂದು ಕೂತಿದ್ದರು. ಅವರು ಕೈ ಊರಿ ಏಳುವುದನ್ನು ನೋಡುತ್ತಾ ನಿಂತಾಗ, ಇನ್ನು ಇಪ್ಪತ್ತು ವರ್ಷಕ್ಕೆ ನಾನೂ ಹೀಗೇ ಏಳುವುದು ಎನ್ನಿಸಿತು. ನನಗೆ ಆ ದಿನ ಅಳು ಬಂದದ್ದು ಕಳಸದವರ ನೆನಪಿಗಲ್ಲ, ಇದಕ್ಕೆ.

ಕೆಲವು ದಿನಗಳಾದ ಮೇಲೆ ಸೆಕ್ರೆಟರಿಯವರ ಕುರ್ಚಿಯ ಕುಶನ್ ಹರಿದದ್ದನ್ನು ಸರಿ ಮಾಡಲು ಬಸ್‌ಸ್ಟ್ಯಾಂಡಿನ ಹತ್ತಿರದ ಕುಶನ್ ಅಂಗಡಿಯ ಸಾಬರು ಬಂದರು. ಜೀಪುಗಳಿಗೆ ಸೀಟು ಹೊಲಿಯುವುದು, ಹುಡ್ ಹಾಕುವುದು ಅವರ ಕಸುಬು. ಐವತ್ತರ ಆಸುಪಾಸಿನವರು. ಸೆಕ್ರೆಟರಿಯವರು ಅಂದು ಚಿಕ್ಕಮಗಳೂರಿಗೆ ಹೋಗಿದ್ದರು. ಸಾಬರು ಕುರ್ಚಿಯನ್ನು ಹಾಲಿಗೆ ತಂದು, ನೆಲದ ಮೇಲೆ ಕೂತು ಮೊಳೆ ಕೀಳುತ್ತಿದ್ದರು. ಅಲ್ಲಿಂದ ಅವರಿಗೆ ನನ್ನ ಮೇಜಿನ ಅಡಿ ಕಾಣುತ್ತಿತ್ತು.

"ತಂಗಿ, ನಿಮ್ಮ ಕಾಲು ನೆಲಕ್ಕೆ ತಾಗ್ತಾ ಇಲ್ಲ" ಎಂದರು.

"ಹೌದು. ಕುರ್ಚಿ ಎತ್ತರ."

"ಎಷ್ಟು ಸಮಯ ಆಯ್ತು ಹೀಗೆ ಕೂತು?"

"ಎರಡು ವರ್ಷ ಆಗ್ತಾ ಬಂತು."

"ಹಾಗಾದ್ರೆ ಸೊಂಟ ಹಿಡಿದಿರ್ಬೇಕಲ್ಲ."

ನಾನು ಹಿರಿಯ ಗುಮಾಸ್ತರ ಕಡೆ ನೋಡಿದೆ. ಅವರು ಬರೆಯುವುದನ್ನು ನಿಲ್ಲಿಸಿದ್ದರು. "ಹಿಡಿದಿದೆ" ಎಂದೆ. ಕಚೇರಿಯೊಳಗೆ ಆ ಮಾತನ್ನು ನಾಚಿಕೆ ಇಲ್ಲದೆ ಹೇಳಿದ್ದು ಅದೇ ಮೊದಲು.

ಸಾಬರು ಮೊಳೆಗಳನ್ನು ಒಂದು ಡಬ್ಬಿಗೆ ಹಾಕುತ್ತಾ ಹೇಳಿದರು: "ಘಾಟಿಯಲ್ಲಿ ಜೀಪು ಓಡಿಸೋರು ಎಲ್ಲ ನನ್ನ ಹತ್ರ ಬರ್ತಾರೆ. ಸೀಟು ಸರಿ ಇಲ್ಲ ಸಾಬ್ರೆ, ಬೆನ್ನು ಹೋಯ್ತು ಅಂತಾರೆ. ಅರ್ಧ ಸೀಟಿನ ತಪ್ಪು, ಸರಿ. ಕಾಲು ನೇತಾಡ್ತಾ ಇದ್ರೆ ಮೈಯ ಭಾರ ಎಲ್ಲ ಸೊಂಟಕ್ಕೇ ಬೀಳ್ತದೆ. ಕಾಲಿಗೆ ಒಂದು ಮಣೆ ಬೇಕು. ಬೆನ್ನು ಒಳಗೆ ಹೋಗ್ತದಲ್ಲ ಸೊಂಟದ ಹತ್ರ, ಆ ತಗ್ಗಿಗೆ ಒಂದು ಸುರುಳಿ ಬೇಕು. ಅದು ನಾನು ಮಾಡಿ ಕೊಡ್ತೇನೆ. ಇನ್ನರ್ಧ ಮಾತ್ರ ನನ್ನ ಕೈಲಿಲ್ಲ."

"ಅದು ಎಂತದು?" ಎಂದು ಕೇಳಿದವರು ಹಿರಿಯ ಗುಮಾಸ್ತರು.

"ಇಳಿಯೋದು" ಎಂದರು ಸಾಬರು. "ನಮ್ಮ ಅಣ್ಣ ಮಂಗಳೂರಿಗೆ ಲಾರಿ ಓಡಿಸ್ತಾನೆ. ಅವನಿಗೂ ಹಿಡ್ಕೊಂಡಿತ್ತು, ಸ್ಟೇರಿಂಗ್ ತಿರುಗಿಸೋಕೆ ಆಗ್ತಿರ್ಲಿಲ್ಲ. ಈಗ ಅವನು ಒಂದೇ ಸಮ ಓಡಿಸೋದಿಲ್ಲ. ಅಲ್ಲಲ್ಲಿ ನಿಲ್ಲಿಸಿ, ಟೈರ್ ನೋಡ್ತೇನೆ ಅಂತ ಕ್ಲೀನರಿಗೆ ಹೇಳಿ ಇಳೀತಾನೆ. ಟೈರಿಗೆ ಎಂತದೂ ಆಗಿರೋದಿಲ್ಲ. ಲಾರಿಗೆ ಎರಡು ಸುತ್ತು ಬರ್ತಾನೆ, ಹತ್ತಿ ಕೂರ್ತಾನೆ. ಅಷ್ಟೇ."

"ನನಗೆ ಎದ್ರೇ ನೋವು ಸಾಬ್ರೆ" ಎಂದರು ಹಿರಿಯ ಗುಮಾಸ್ತರು.

"ಎದ್ರೆ ನೋವು ಅಂತ ಕೂತಿರ್ತೀರಿ. ಕೂತಿದ್ದಕ್ಕೆ ಏಳುವಾಗ ನೋವು. ಅಣ್ಣನೂ ಇದನ್ನೇ ಹೇಳ್ತಿದ್ದ ಸ್ವಾಮಿ."

ಮಾರನೆಯ ದಿನ ಮಧ್ಯಾಹ್ನ ಅವರು ಲಾರಿಯ ಹಳೆ ಹಲಗೆಯಿಂದ ಮಾಡಿದ, ಹಿಮ್ಮಡಿಯ ಕಡೆ ತಗ್ಗು ಬೆರಳ ಕಡೆ ಎತ್ತರದ ಒಂದು ಮಣೆಯನ್ನೂ, ತೆಂಗಿನ ನಾರು ತುಂಬಿ ರೆಕ್ಸಿನ್ ಹೊಲಿದ ತೋಳು ಗಾತ್ರದ ಒಂದು ಸುರುಳಿಯನ್ನೂ ತಂದುಕೊಟ್ಟರು. ಏನು ಕೊಡಬೇಕು ಎಂದರೆ, "ಎಂತದೂ ಬೇಡ. ನಾರು ನಿಮ್ಮ ಸೆಕ್ರೆಟರಿ ಕುಶನ್‌ನಲ್ಲಿ ಉಳಿದದ್ದು" ಎಂದರು. ಹಿರಿಯ ಗುಮಾಸ್ತರು ನಕ್ಕದ್ದನ್ನು ನಾನು ಅಂದು ಮೊದಲ ಸಲ ನೋಡಿದೆ.

ಮಣೆಯ ಮೇಲೆ ಕಾಲಿಟ್ಟು, ಸುರುಳಿಗೆ ಸೊಂಟ ಒರಗಿಸಿ ಕೂತೆ. ಅಬ್ಬ ಎನ್ನಿಸಿತು. ಆದರೆ ಒಂದು ಗಂಟೆಯ ಮೇಲೆ ಅದೇ ಗಂಟು, ಅದೇ ಎಳೆತ. ಸಾಬರು ಹೇಳಿದ ಇನ್ನರ್ಧ ಬಾಕಿ ಇತ್ತು. ನನ್ನ ಮುಂದೆ ಹಿರಿಯ ಗುಮಾಸ್ತರ ಬಾಗಿದ ಬೆನ್ನು. ಕೇಳಲೋ ಬೇಡವೋ ಎಂದು ಇಡೀ ಒಂದು ಪುಟ ಟೈಪ್ ಮಾಡಿದೆ.

"ಸಾರ್, ಸ್ವಲ್ಪ ದಾರಿ ಬಿಡ್ತೀರಾ?"

ಅವರು ತಿರುಗಿ ನೋಡಿದರು. ಕೈ ಊರಿದರು. ಎದ್ದರು. ನಾನು ಹೊಸ್ತಿಲವರೆಗೆ ಹೋಗಿ, ಒಂದು ಲೋಟ ನೀರು ಕುಡಿದು ಬಂದೆ. ಒಂದು ಗಂಟೆ ಬಿಟ್ಟು ಮತ್ತೆ ಕೇಳಿದೆ. ಸಂಜೆ ಹೊತ್ತಿಗೆ ಮೂರನೆಯ ಸಲ ಕೇಳಿದಾಗ ಅವರಿಗೆ ರೇಗಿತು. "ಎಂತ ಮಾರಾಯ್ತಿ, ಕೊಲ್ತೀಯಾ ನನ್ನ?" ಎಂದರು. ಆದರೂ ಎದ್ದರು.

ವಾರ ಕಳೆಯಿತು. ದಿನಕ್ಕೆ ಐದು ಸಲ, ಆರು ಸಲ. ಪ್ರತಿ ಸಲ ಕೇಳುವಾಗಲೂ ನನಗೆ ನಾಚಿಕೆ. ನನ್ನ ಸೊಂಟಕ್ಕಾಗಿ ಇನ್ನೊಬ್ಬರ ಸೊಂಟಕ್ಕೆ ಹಿಂಸೆ ಕೊಡುತ್ತಿದ್ದೇನೆ ಎನ್ನಿಸುತ್ತಿತ್ತು. ಒಂದು ಶುಕ್ರವಾರ ಹೊತ್ತು ಮೀರಿದರೂ ಸುಮ್ಮನೆ ಕೂತಿದ್ದೆ. ಅವರೇ ತಿರುಗಿದರು.

"ಯಾಕಮ್ಮ, ಇವತ್ತು ಏಳೋದಿಲ್ವಾ?"

"ನಿಮಗೆ ತೊಂದರೆ ಆಗ್ತದೆ ಸಾರ್."

ಅವರು ತಮ್ಮ ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು. "ಬೆಳಿಗ್ಗೆ ಮೊದಲ್ನೇ ಸಲ ಜೀವ ಹೋಗ್ತದೆ. ಎರಡ್ನೇದು ಅಷ್ಟು ಇಲ್ಲ. ಸಂಜೆ ಹೊತ್ತಿಗೆ ಎದ್ದದ್ದೇ ಗೊತ್ತಾಗೋದಿಲ್ಲ. ನಿನ್ನೆ ಬಸ್‌ಸ್ಟ್ಯಾಂಡಿಗೆ ಎಲ್ಲೂ ನಿಲ್ಲದೆ ನಡ್ಕೊಂಡು ಹೋದೆ." ಆಮೇಲೆ ದನಿ ತಗ್ಗಿಸಿ ಹೇಳಿದರು: "ಮೊದಲ್ನೇ ವಾರ ಕೇಳಿದ್ದು ಬಿಟ್ರೆ ಎರಡು ವರ್ಷ ನೀನು ಒಂದು ಸಲವೂ ಕೇಳ್ಲಿಲ್ಲ. ನಿನಗೆ ಏಳೋ ಅಗತ್ಯ ಇಲ್ಲ ಅಂದ್ಕೊಂಡಿದ್ದೆ."

ನಾನು ಕೇಳದೆ ಇದ್ದದ್ದು ಯಾಕೆ ಎಂದು ಅವರಿಗೆ ಹೇಳಲಿಲ್ಲ. ಅವರ ಮೇಲಿನ ಕನಿಕರ ಎಂದು ನಾನು ತಿಳಿದುಕೊಂಡಿದ್ದದ್ದು ಅವರನ್ನೂ ಅಲ್ಲಿಗೇ ಕಟ್ಟಿ ಹಾಕಿತ್ತು. ಅದನ್ನು ಯಾವ ಬಾಯಿಂದ ಹೇಳುವುದು? ಎದ್ದು ನಿಂತೆ. ಅವರೂ ಎದ್ದರು.

ಇಷ್ಟು ಹೊತ್ತಿಗೆ ಸೆಕ್ರೆಟರಿಯವರ ಕಿವಿಗೆ ಬಿದ್ದಾಗಿತ್ತು. ಗಂಟೆಗೊಮ್ಮೆ ಟೈಪ್‌ರೈಟರ್ ನಿಲ್ಲುತ್ತಿತ್ತಲ್ಲ. ಒಂದು ಬೆಳಿಗ್ಗೆ ನನ್ನನ್ನು ಕರೆದು ಕೈಬರಹದ ಒಂದು ಹಾಳೆ ಕೊಟ್ಟರು. "ಮೂರು ಪ್ರತಿ ಬೇಕು. ತಪ್ಪು ಇರ್ಬಾರ್ದು."

ಮೂಲೆಗೆ ಬಂದು ಓದಿದೆ. ನನಗೇ ಕೊಟ್ಟ ಮೆಮೊ. ಕೆಲಸದ ವೇಳೆಯಲ್ಲಿ ಪದೇ ಪದೇ ಆಸನ ಬಿಟ್ಟು ಹೋಗುತ್ತಿರುವುದು ಗಮನಕ್ಕೆ ಬಂದಿದೆ, ಮೂರು ದಿನಗಳೊಳಗೆ ಲಿಖಿತ ಸಮಜಾಯಿಷಿ ಕೊಡತಕ್ಕದ್ದು ಎಂದಿತ್ತು. ಸಂಘದಲ್ಲಿ ಟೈಪಿಸ್ಟ್ ಇದ್ದದ್ದು ನಾನೊಬ್ಬಳೇ. ನಡುವೆ ಕಾರ್ಬನ್ ಇಟ್ಟು ಮೂರು ಹಾಳೆ ಜೋಡಿಸಿ, ರೋಲರಿಗೆ ಏರಿಸಿ, ನನ್ನ ಹೆಸರನ್ನು ಇನಿಷಿಯಲ್ ಸಮೇತ ಹೊಡೆದೆ. 'ಆಸನ' ಎಂಬಲ್ಲಿ ಬೆರಳು ತಪ್ಪಿತು. ತಪ್ಪು ಇರಬಾರದಲ್ಲ, ಹಾಳೆಗಳನ್ನು ತೆಗೆದು ಹೊಸದಾಗಿ ಶುರು ಮಾಡಿದೆ. ಎರಡನೆಯ ಸಲ ತಪ್ಪಲಿಲ್ಲ. ಅವರು ಮೂರಕ್ಕೂ ಸಹಿ ಹಾಕಿ, ಒಂದನ್ನು ನನ್ನ ಕೈಗೆ ಕೊಟ್ಟು, ಪಡೆದುಕೊಂಡದ್ದಕ್ಕೆ ನನ್ನ ಸಹಿ ತೆಗೆದುಕೊಂಡರು.

ಕಾರ್ಬನ್ ಪ್ರತಿಯನ್ನು ಫೈಲಿಗೆ ಸೇರಿಸುವುದು ಹಿರಿಯ ಗುಮಾಸ್ತರ ಕೆಲಸ. ಅವರು ಅದನ್ನು ಓದಿದರು. ತೂತು ಮಾಡಿದರು. ದಾರ ಪೋಣಿಸಿದರು. ಆ ದಿನ ನಾನು ದಾರಿ ಕೇಳಲಿಲ್ಲ. ಅವರೂ ಏಳಲಿಲ್ಲ. ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಇದಕ್ಕಿಂತ ಎಸ್ಟೇಟಿನಲ್ಲಿ ಹಣ್ಣು ಕುಯ್ಯಲು ಹೋಗುವುದೇ ವಾಸಿ ಎನ್ನಿಸಿತು. ಬೆನ್ನು ಬಗ್ಗಿಸಿದರೂ ನಾಲ್ಕು ಹೆಜ್ಜೆ ನಡೆಯಲು ಯಾರೂ ಅಡ್ಡಿ ಮಾಡುವುದಿಲ್ಲ.

ಮಾರನೆಯ ದಿನ ನಾನು ಹೋಗುವಷ್ಟರಲ್ಲಿ ಹಿರಿಯ ಗುಮಾಸ್ತರು ಬಂದಿದ್ದರು. ಅವರ ಮೇಜಿನ ಮೇಲೆ ಯಾವಾಗಲೂ ಇರುತ್ತಿದ್ದ ಸಂಘದ ಸೀಲು, ಶಾಯಿ ಪ್ಯಾಡು, ಹೊರಗೆ ಹೋಗುವ ಕಾಗದಗಳನ್ನು ಬರೆದಿಡುವ ದೊಡ್ಡ ರಿಜಿಸ್ಟರು, ಯಾವುದೂ ಅಲ್ಲಿರಲಿಲ್ಲ. ಹಾಲಿನ ಆ ತುದಿಯಲ್ಲಿ, ಬಾಗಿಲ ಪಕ್ಕ, ಬೆಳೆಗಾರರು ನಿಂತು ಸಹಿ ಹಾಕಲೆಂದು ಎದೆಮಟ್ಟದ ಒಂದು ಕಟ್ಟೆ ಇತ್ತು. ಮೂರನ್ನೂ ಅಲ್ಲಿಗೆ ಸಾಗಿಸಿದ್ದರು. ಕೂತು ಬರೆಯುವ ಹಾಗೇ ಇಲ್ಲ, ನಿಂತೇ ಬರೆಯಬೇಕು.

ಸೆಕ್ರೆಟರಿಯವರು ಬಂದವರೇ ಕೇಳಿದರು: "ಇದೇನು ಹೊಸದು?"

"ಬೆಳೆಗಾರರು ಬಂದಾಗ ಬಾಗಿಲಲ್ಲೇ ಸೀಲ್ ಹಾಕಿ ಕೊಟ್ರೆ ಅವ್ರು ಒಳಗೆ ಬಂದು ಕಾಯೋದು ತಪ್ತದೆ ಸಾರ್. ಕಾಯಿಸ್ತೀರಿ ಅಂತ ಹೋದ ತಿಂಗಳು ಒಬ್ರು ಡೈರೆಕ್ಟ್ರು ಬೇಜಾರು ಮಾಡ್ಕೊಂಡಿದ್ರಲ್ಲ."

ಡೈರೆಕ್ಟರ ಮಾತು ಬಂದ ಮೇಲೆ ಸೆಕ್ರೆಟರಿಯವರು ರಿಜಿಸ್ಟರನ್ನು ಒಮ್ಮೆ ನೋಡಿ ತಮ್ಮ ಕೋಣೆಯ ಕಡೆ ನಡೆದರು. ಅವರು ಒಳಗೆ ಹೋದ ಮೇಲೆ ಹಿರಿಯ ಗುಮಾಸ್ತರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಸಮಜಾಯಿಷಿ ಬರಿ. ಇನ್ನು ಮುಂದೆ ಕಚೇರಿ ಕೆಲಸಕ್ಕಲ್ಲದೆ ಆಸನ ಬಿಡೋದಿಲ್ಲ ಅಂತ ಬರಿ. ಸೊಂಟದ ವಿಷಯ ಬರೀಬೇಡ."

"ಸೀಲ್ ಹಾಕೋದು..."

"ಕಚೇರಿ ಕೆಲಸವೇ."

ಅಂದಿನಿಂದ ಟೈಪ್ ಮಾಡಿದ ಪ್ರತಿ ಕಾಗದಕ್ಕೂ ಸೀಲ್ ಹಾಕಲು ನಾನೇ ಹಾಲಿನ ಆ ತುದಿಗೆ ನಡೆಯಬೇಕು. ಕಾಗದಗಳನ್ನು ಒಟ್ಟು ಮಾಡಿ ಒಂದೇ ಸಲ ಒಯ್ಯುವುದನ್ನು ನಾನು ಬಿಟ್ಟೆ. ನಾಲ್ಕು ಕಾಗದವಾದರೆ ನಾಲ್ಕು ಸಲ. ಅವರು ಎದ್ದು ದಾರಿ ಬಿಡುತ್ತಿದ್ದರು. ಎದ್ದವರು ಸುಮ್ಮನೆ ನಿಲ್ಲದೆ ನನ್ನ ಹಿಂದೆಯೇ ಬಂದು ರಿಜಿಸ್ಟರ್ ಬರೆಯುತ್ತಿದ್ದರು. ಗಾಜಿನ ಆಚೆಯಿಂದ ತಲೆ ಏಳುತ್ತಿತ್ತು, ಸೀಲಿನ ಸದ್ದು ಕೇಳಿ ತಗ್ಗುತ್ತಿತ್ತು.

ನನ್ನ ನೋವು ಒಂದೇ ಸಲಕ್ಕೆ ಹೋಗಲಿಲ್ಲ. ತಿಂಗಳುಗಳು ಹಿಡಿದವು. ನೋಡಬೇಕಾದ ಕಾಗದವನ್ನು ಒಂದು ದಿನ ಬಲಕ್ಕೆ, ಒಂದು ದಿನ ಎಡಕ್ಕೆ ಇಟ್ಟುಕೊಳ್ಳಲು ಕಲಿತೆ. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಅರ್ಧ ದಾರಿ ನಿಂತು ಹೋಗುತ್ತಿದ್ದೆ. ಮರುವರ್ಷ ಗೋಣಿಬೀಡಿನವರೇ ಆದ ಒಬ್ಬ ಸ್ಕೂಲ್ ಮೇಷ್ಟರ ಸಂಬಂಧ ಬಂದಾಗ, ಅಮ್ಮ ಕಣ್ಣಲ್ಲೇ ಬೇಡವೆನ್ನುತ್ತಿದ್ದರೂ, ನನಗೆ ಸೊಂಟ ನೋವಿದೆ ಎಂದು ಎಲ್ಲರ ಎದುರಿಗೇ ಹೇಳಿದೆ. ಆ ಮೇಷ್ಟರು, "ನನಗೆ ದಿನವಿಡೀ ನಿಂತು ನಿಂತು ಮೊಣಕಾಲು ನೋವು" ಎಂದರು. ಅವರನ್ನೇ ಮದುವೆಯಾದೆ. ಕೆಲಸ ಮಾತ್ರ ಅದೇ, ಮೂಲೆ ಅದೇ. ಎಂಬತ್ತರ ದಶಕದ ನಡುವಿನಲ್ಲಿ ಕಚೇರಿ ಬೇರೆ ಕಟ್ಟಡಕ್ಕೆ ಹೋಗುವವರೆಗೂ ನಾನು ಬೀರುವಿಗೂ ಗೋಡೆಗೂ ನಡುವೆಯೇ ಕೂತಿದ್ದೆ. ಸೆಕ್ರೆಟರಿಯವರು ಕೊನೆಯವರೆಗೂ ಹಾಗೇ ಇದ್ದರು. ಆ ಮೆಮೊ ನನ್ನ ಫೈಲಿನಲ್ಲಿ ಉಳಿಯಿತು, ಅದರಿಂದ ಬಡ್ತಿ ಎರಡು ವರ್ಷ ತಡವಾಯಿತು.

ಹಿರಿಯ ಗುಮಾಸ್ತರು ಕಚೇರಿ ಬದಲಾಗುವ ಮೊದಲೇ ನಿವೃತ್ತರಾಗಿ ಜಾವಳಿಯ ತಮ್ಮ ಊರಿಗೆ ಹೋದರು. ಒಂದು ಭಾನುವಾರ ನೋಡಲು ಹೋದೆ. ಗದ್ದೆಯ ಬದುವಿನ ಮೇಲೆ ಕೋಲು ಹಿಡಿದು ಬರುತ್ತಿದ್ದವರು ನನ್ನನ್ನು ಕಂಡು ನಿಂತರು. ನೋವು ಕಡಿಮೆ ಎಂದರು. ಬೆನ್ನು ಮಾತ್ರ ಹಾಗೇ ಬಾಗಿತ್ತು.

"ಮಂಗಳೂರಲ್ಲಿ ತೋರಿಸ್ದೆ" ಎಂದರು. "ಮೂಳೆ ಹಾಗೇ ಕೂತುಬಿಟ್ಟಿದೆಯಂತೆ, ಇನ್ನು ನೆಟ್ಟಗಾಗೋದಿಲ್ಲವಂತೆ. ಇಪ್ಪತ್ತೈದು ವರ್ಷದವ ಇದ್ದಾಗ ಯಾರಾದ್ರೂ ಒಂದು ಮಾತು ಹೇಳಿದ್ರೆ ಆಗ್ತಿತ್ತು. ನೀನು ಬಂದ ವರ್ಷವೇ ನನ್ನನ್ನ ಎಬ್ಬಿಸಿದ್ರೂ ಇಷ್ಟು ಆಗ್ತಿರ್ಲಿಲ್ವೋ ಏನೋ." ನನ್ನನ್ನು ದೂರಲು ಹೇಳಿದ್ದಲ್ಲ. ಲೆಕ್ಕ ಹಾಕಿದ ಹಾಗೆ ಹೇಳಿದರು, ಅಷ್ಟೆ.

ಅವರ ಹೆಂಡತಿ ಕೊಟ್ಟ ಕಾಫಿ ಕುಡಿದು ಹೊರಟೆ. ಅವರು ರಸ್ತೆಯವರೆಗೆ ಬಂದರು. ಬಸ್ಸು ಬರುವವರೆಗೆ ಇಬ್ಬರೂ ಅತ್ತಿಂದಿತ್ತ ನಡೆಯುತ್ತಿದ್ದೆವು. ಅವರು ಹೇಳಿದ್ದು ನನ್ನ ಮನಸ್ಸಿನಿಂದ ಹೋಗಲಿಲ್ಲ, ಈಗಲೂ ಹೋಗಿಲ್ಲ. ಒಬ್ಬ ಮನುಷ್ಯನಿಗೆ ನೋವಾಗಬಾರದು ಎಂದು ಎರಡು ವರ್ಷ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಬಸ್ಸು ಬಂತು. ಅವರು ಕೋಲನ್ನು ಎಡಗೈಗೆ ಬದಲಾಯಿಸಿ, ಬಲಗೈಯಿಂದ ಬಸ್ಸಿಗೆ ಕೈ ತೋರಿಸಿದರು.